ಪ್ರಯೋಗಶಾಲೆಯ ಸೀಸೆ ಯಾವ ಭಾಷೆ ಮಾತಾಡಬೇಕು?

ಶಾಲೆ ತೆರೆಯುವ ದಿನ ಹತ್ತಿರ ಬಂತು. ಕೊಡೆ, ಚೀಲ, ಸಮವಸ್ತ್ರ, ಪುಸ್ತಕ ಎಂದು ಹೆತ್ತವರು ಪೇಟೆಗೆ ಅಲೆಯುವ ಕಾಲ. ಕನ್ನಡ ಪಠ್ಯಪುಸ್ತಕ ಸಮಯಕ್ಕೆ ಬಂದೀತೇ, ಕನ್ನಡ ಬಲ್ಲ ಅಧ್ಯಾಪಕರೇ ನೇಮಕವಾದಾರೇ ಎಂಬ ನಮ್ಮ ಕಾಸರಗೋಡಿನ ಕನ್ನಡಿಗರ ವಾಡಿಕೆಯ ಚಿಂತೆಯೂ ಜತೆಗೆ ಉಂಟು. ಆ ಚಿಂತೆ ಸಣ್ಣದೆಂದು ನಾನು ಹೇಳುವವನಲ್ಲ. ಆದರೆ ಈ ಸಲ ಓದುಗ ಬಾಂಧವರ ಮುಂದೆ ಇಡಬೇಕೆಂದಿರುವುದು ಇನ್ನೊಂದು ವಿಚಾರ. ಇದನ್ನು ನಾವು ಯಾವ ಮನವಿಯಲ್ಲಿಯೂ ಬರೆದದ್ದಿಲ್ಲ, ಯಾವ ಸಭೆಯಲ್ಲಿಯೂ ಎತ್ತಿದ್ದಿಲ್ಲ. ಐದು, ಆರು, ಏಳನೆಯ ತರಗತಿಯ ನಮ್ಮ ಮಕ್ಕಳ ಕೈಗೆ ವಿಜ್ಞಾನ ಪಾಠದ ಹೆಸರಿನಲ್ಲಿ ಬೆಂಕಿ, ಗಾಜು, ಆಸಿಡುಗಳನ್ನು ಕೊಡುವ ಮೊದಲು ಅವುಗಳ ಅಪಾಯವನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ತಿಳಿಸುತ್ತಾರೆ ಎಂಬುದೇ ಆ ವಿಚಾರ.

ಇದು ನನ್ನ ತಲೆಗೆ ಹೊಕ್ಕದ್ದು ಕಾಸರಗೋಡಿನಲ್ಲಿ ಅಲ್ಲ, ಸೇಲಂನಲ್ಲಿ. ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ನನ್ನ ಜತೆ ಒಂದೇ ಕೋಣೆಯಲ್ಲಿದ್ದ ಗೆಳೆಯರೊಬ್ಬರು ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಕಡೆಯವರು. ಮನೆಮಾತು ಕನ್ನಡ. ಈಗ ಡೆಂಕಣಿಕೋಟೆಯ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಕರು. ಗಡಿನಾಡಿನವರೆಂಬ ಒಂದೇ ಕಾರಣದಿಂದ ನಾವಿಬ್ಬರೂ ಅಂದು ಹತ್ತಿರವಾದೆವು. ಲೆಕ್ಕ ಹಾಕಿದರೆ ನಾವು ಹಳೆಯ ನೆರೆಕರೆಯವರೇ. 1956ರ ನವೆಂಬರ್ 1ರ ತನಕ ಅವರ ಸೇಲಂ ಜಿಲ್ಲೆಯೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದ್ರಾಸು ರಾಜ್ಯದಲ್ಲಿದ್ದವು. ಆ ದಿನ ಕಾಸರಗೋಡು ಕೇರಳಕ್ಕೆ ಬಂತು, ಹೊಸೂರು ಮದ್ರಾಸಿನಲ್ಲಿಯೇ ಉಳಿಯಿತು. ಆಮೇಲೆ 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ, ತಳಿ ಈಗ ಕೃಷ್ಣಗಿರಿಯವು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಅಲ್ಲಿಯ ಕನ್ನಡಿಗ ಇದ್ದಲ್ಲಿಯೇ ಇದ್ದಾನೆ. ನಮಗೂ 1984ರಲ್ಲಿ ಹೊಸ ಜಿಲ್ಲೆ ಸಿಕ್ಕಿತಲ್ಲ, ಹಾಗೆಯೇ.

ಕಳೆದ ಬೇಸಿಗೆ ರಜೆಯಲ್ಲಿ ಮಂಗಳೂರಿನಿಂದ ಮದ್ರಾಸಿಗೆ ಹೋಗುವ ರೈಲು ಹತ್ತಿ ಸೇಲಂನಲ್ಲಿ ಇಳಿದೆ. ಗೆಳೆಯರ ತಂಗಿಯನ್ನು ಕೊಟ್ಟ ಮನೆ ಅಲ್ಲಿದೆ. ನೇಕಾರರ ಮನೆ. ಸೇಲಂನ ದೇವಾಂಗರಲ್ಲಿ ಕನ್ನಡ ಮನೆಮಾತಿನವರು ಅನೇಕರಿದ್ದಾರೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಅವರ ಕನ್ನಡ ನಮ್ಮ ಕನ್ನಡದಂತೆ ಅಲ್ಲ. ತಮಿಳು ಸೇರಿದೆ, ಹಳೆಯ ಕೆಲವು ಶಬ್ದಗಳು ಹಾಗೆಯೇ ಉಳಿದಿವೆ. ಆದರೆ ಮಗು ಬಿದ್ದರೆ ಅಳುವುದು ಕನ್ನಡದಲ್ಲಿ. ಓದಲು ಬರೆಯಲು ಮಾತ್ರ ಯಾರಿಗೂ ಬರುವುದಿಲ್ಲ. ಮಕ್ಕಳು ಹೋಗುವುದು ತಮಿಳು ಮಾಧ್ಯಮದ ಶಾಲೆಗೆ.

ಆ ಮನೆಯ ಹಿತ್ತಿಲಲ್ಲಿ ನೂಲಿಗೆ ಬಣ್ಣ ಕಟ್ಟುತ್ತಾರೆ. ಒಲೆಯ ಮೇಲೆ ಹಂಡೆ, ಪಕ್ಕದಲ್ಲಿ ಕಬ್ಬಿಣದ ಬಕೆಟುಗಳು, ಗೋಡೆಗೆ ಒರಗಿಸಿದ ಒಂದು ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಬಿಳಿಯ ಹಲ್ಲೆಹಲ್ಲೆಯಾದ ಒಂದು ವಸ್ತು. ನೋಡಿದ ಕೂಡಲೇ ಕಾಸ್ಟಿಕ್ ಸೋಡಾ ಎಂದು ನನಗೆ ತಿಳಿಯಿತು. ಆರು ವರ್ಷದ ಹುಡುಗನೊಬ್ಬ ಅದರ ಮುಚ್ಚಳದೊಡನೆ ಆಡುತ್ತಿದ್ದ. "ಇದು ಏನು ಮಗಾ?" ಎಂದು ಕೇಳಿದೆ. "ಖಾರ. ಬಾಯಿಗೆ ಹಾಕಬಾರದು" ಎಂದ. ಅಜ್ಜಿ ಅದನ್ನು "ಕಾರ" ಎಂದು ಕರೆಯುತ್ತಾರೆ. ತಮಿಳಿನಲ್ಲಿ ಕ್ಷಾರಕ್ಕೂ "ಕಾರಂ", ಮೆಣಸಿನ ಖಾರಕ್ಕೂ "ಕಾರಂ". ಹುಡುಗನ ಲೆಕ್ಕದಲ್ಲಿ ಅದು ಮೆಣಸಿನ ಹುಡಿಯ ಅಣ್ಣ. ಬಾಯಿಗೆ ಹಾಕಬಾರದು, ಸರಿ. ಕೈಯಲ್ಲಿ ಹಿಡಿದರೆ ಏನು? ಕಣ್ಣಿಗೆ ಬಿದ್ದರೆ? ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮೆಣಸು ಕಣ್ಣಿಗೆ ಬಿದ್ದರೆ ಉರಿದು ತಣಿಯುತ್ತದೆ. ಇದು ತಣಿಯುವ ಜಾತಿಯದಲ್ಲ. ಚರ್ಮದ ಕೊಬ್ಬನ್ನೇ ಸಾಬೂನು ಮಾಡುತ್ತ ಒಳಗೆ ಇಳಿಯುತ್ತದೆ. ಕಣ್ಣಿನ ಮಟ್ಟಿಗೆ ಆಸಿಡಿಗಿಂತಲೂ ಕ್ಷಾರ ಕೆಟ್ಟದು.

ಅವನ ಅಕ್ಕ ಏಳನೆಯ ತರಗತಿ ಮುಗಿಸಿದವಳು, ಚುರುಕಿನ ಹುಡುಗಿ. ಅಮಿಲಂ ಎಂದರೇನು, ಕಾರಂ ಎಂದರೇನು ಎಂದು ಕೇಳಿದೆ. ಅಮಿಲಂ ನೀಲಿ ಲಿಟ್ಮಸನ್ನು ಕೆಂಪು ಮಾಡುತ್ತದೆ, ಕಾರಂ ಕೆಂಪನ್ನು ನೀಲಿ ಮಾಡುತ್ತದೆ ಎಂದು ತಮಿಳಿನಲ್ಲಿ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಹಾಗಾದರೆ ನಿನ್ನ ಮನೆಯಲ್ಲಿ ಆ ಕಾರಂ ಎಲ್ಲಿದೆ ಎಂದರೆ ಹುಡುಗಿ ನನ್ನ ಮುಖ ನೋಡಿದಳು. ಪುಸ್ತಕದ ಕಾರಂ ಒಂದು, ಅಜ್ಜಿಯ ಕಾರ ಇನ್ನೊಂದು ಎಂದೇ ಅವಳು ತಿಳಿದಿದ್ದಳು. ಹಿತ್ತಿಲ ಡಬ್ಬ ಪಾಠದೊಳಗೆ ಬಂದಿರಲೇ ಇಲ್ಲ, ಪಾಠ ಹಿತ್ತಿಲಿಗೆ ಇಳಿದಿರಲೇ ಇಲ್ಲ. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿತ್ತಂತೆ.

ಸೇಲಂನ ಕೆಲವು ಬೀದಿಗಳಲ್ಲಿ ನಡೆದು ಹೋದರೆ ಮನೆಯೇ ಪ್ರಯೋಗಶಾಲೆ ಎಂಬ ಮಾತು ಅಲಂಕಾರವಲ್ಲ ಎಂದು ಗೊತ್ತಾಗುತ್ತದೆ. ಸೇಲಂನ ಬೆಳ್ಳಿಯ ಕಾಲ್ಗೆಜ್ಜೆ ದೇಶಕ್ಕೆಲ್ಲ ಪ್ರಸಿದ್ಧ. ಅದರ ಕೆಲಸ ಬಹುಪಾಲು ಮನೆಮನೆಯಲ್ಲಿ ನಡೆಯುತ್ತದೆ. ಬೆಸುಗೆಗೆ ಗ್ಯಾಸಿನ ಉರಿ, ಬಿಳುಪು ಬರಿಸಲು ಗಂಧಕಾಮ್ಲದ ನೀರು, ಹಳೆಯ ಬೆಳ್ಳಿ ಶುದ್ಧ ಮಾಡುವಲ್ಲಿ ನೈಟ್ರಿಕ್ ಆಸಿಡ್. ಬೆಳ್ಳಿ ನೈಟ್ರಿಕ್ ಆಸಿಡಿನಲ್ಲಿ ಕರಗುವಾಗ ಕಂದು ಬಣ್ಣದ ಹೊಗೆ ಏಳುತ್ತದೆ. ಆ ಹೊಗೆ ಮೂಗಿಗೆ ಹೋದ ಹೊತ್ತಿಗೆ ದೊಡ್ಡದಾಗಿ ಏನೂ ಆಗದಂತೆ ಕಂಡರೂ ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಇದನ್ನು ನಾವು ಹೈಸ್ಕೂಲಿನ ಮೇಲೆ ಕಾಲೇಜಿನಲ್ಲಿ ಕಲಿಸುತ್ತೇವೆ. ಆ ಬೀದಿಯ ಮಗು ಅದನ್ನು ಮೂರನೆಯ ವರ್ಷದಿಂದ ನೋಡುತ್ತ ಬೆಳೆಯುತ್ತದೆ. ಇನ್ನು ಅದೇ ಜಿಲ್ಲೆಯ ಮೆಟ್ಟೂರು, ಕಾವೇರಿಯ ಅಣೆಕಟ್ಟಿನ ಜತೆಗೆ ಕಾಸ್ಟಿಕ್ ಸೋಡಾ ಕಾರ್ಖಾನೆಗೂ ಹೆಸರಾದ ಊರು. ಇಂತಹ ಜಿಲ್ಲೆಯಲ್ಲಿ ಪ್ರಯೋಗಶಾಲೆಯ ಎಚ್ಚರಿಕೆಯನ್ನು ಹತ್ತನೆಯ ತರಗತಿಗೆ ಮುಂದೂಡುವುದೆಂದರೆ ಮನೆ ಹೊತ್ತಿದ ಮೇಲೆ ಬಾವಿ ತೋಡಿದ ಹಾಗೆ.

ಇರಲಿ. ಅಲ್ಲಿಂದ ಗೆಳೆಯರ ಊರಿಗೆ ಹೋದೆವು. ರಜೆಯಾದರೂ ಅವರು ಶಾಲೆಯ ಬೀಗ ತೆಗೆಸಿ ತಮ್ಮ ವಿಜ್ಞಾನದ ಕಪಾಟನ್ನು ತೋರಿಸಿದರು. ದೊಡ್ಡದೇನಲ್ಲ. ಎರಡು ಸ್ಪಿರಿಟ್ ದೀಪ, ಒಂದಿಷ್ಟು ಪ್ರನಾಳ, ಹತ್ತು ಹನ್ನೆರಡು ಸೀಸೆ. ಆದರೆ ಪ್ರತಿಯೊಂದು ಸೀಸೆಯ ಮೇಲೂ ಮಕ್ಕಳ ಅಕ್ಷರದಲ್ಲಿ ಕನ್ನಡ ಚೀಟಿ. ಕೆಳಗೆ ತಮಿಳು. ಎಲ್ಲದಕ್ಕಿಂತ ಕೆಳಗೆ, ಸಣ್ಣದಾಗಿ, ಅಂಗಡಿಯವನ ಇಂಗ್ಲಿಷ್.

ಚೀಟಿಯ ಮಾತುಗಳನ್ನು ನೋಡಿ ನನಗೆ ಮೊದಲು ನಗು ಬಂತು. ನಮ್ಮ ಪಠ್ಯಪುಸ್ತಕಗಳಲ್ಲಿ "ಸಾರೀಕೃತ ಆಮ್ಲ", "ಸಾರರಿಕ್ತ ಆಮ್ಲ" ಎಂದು ಬರೆದಿರುತ್ತದೆ. ಅವರ ಸೀಸೆಯ ಮೇಲೆ "ನೀರು ಸೇರಿಸದ ಆಸಿಡ್. ಮಾಸ್ಟರ್ ಮಾತ್ರ ಮುಟ್ಟಬೇಕು" ಎಂದೂ, ಇನ್ನೊಂದರ ಮೇಲೆ "ತುಂಬ ನೀರು ಸೇರಿಸಿದ ಆಸಿಡ್. ಆದರೂ ಸುಡುತ್ತದೆ" ಎಂದೂ ಇತ್ತು. "ಸಾರ ಎಂದರೆ ನಮ್ಮ ಮಕ್ಕಳಿಗೆ ಅನ್ನಕ್ಕೆ ಹಾಕುವ ಸಾರು ನೆನಪಾಗುತ್ತದೆ ಮಾರಾಯ್ರೇ, ರಿಕ್ತ ಎಂದರೆ ಏನೂ ನೆನಪಾಗುವುದಿಲ್ಲ" ಎಂದರು ಗೆಳೆಯರು. ಮಾತು ನಿಜ. ಸಂಸ್ಕೃತದ ಪಾರಿಭಾಷಿಕ ಪದ ಬೇಡವೆಂದು ನಾನು ವಾದಿಸುವುದಿಲ್ಲ. ಮುಂದಿನ ತರಗತಿಗೆ ಅದು ಬೇಕು. ಆದರೆ ಎಚ್ಚರಿಕೆಯ ಮಾತು ಪರೀಕ್ಷೆಯ ಮಾತಲ್ಲ. ಅದು ಕಣ್ಣಿಗೆ ಬಿದ್ದ ಕ್ಷಣಕ್ಕೆ ಕೈಯನ್ನು ಹಿಂದಕ್ಕೆ ಎಳೆಯಬೇಕು. ಯೋಚಿಸಿ ಅರ್ಥ ಮಾಡಿಕೊಳ್ಳುವಷ್ಟು ಸಮಯ ಕೇಳುವ ಎಚ್ಚರಿಕೆ ಎಚ್ಚರಿಕೆಯಲ್ಲ.

ನಾವು ಗಡಿನಾಡಿನವರು ಈ ಶಬ್ದಗಳ ವಿಷಯದಲ್ಲಿ ಒಂದು ರೀತಿಯಲ್ಲಿ ಭಾಗ್ಯವಂತರೂ ಹೌದು. "ಅಪಾಯ" ಎಂಬ ಮಾತು ಕನ್ನಡ, ತಮಿಳು, ಮಲಯಾಳ ಮೂರರಲ್ಲಿಯೂ ಒಂದೇ. "ಎಚ್ಚರಿಕೆ" ತಮಿಳಿನಲ್ಲಿ ಎಚ್ಚರಿಕ್ಕೈ. ನಮ್ಮ "ನಂಜು" ಅವರ ನಂಜು, ಮಲಯಾಳದಲ್ಲಿಯೂ ನಂಜು. ಅದೇ ಹೊತ್ತಿಗೆ ಮೋಸ ಮಾಡುವ ಶಬ್ದಗಳೂ ಇವೆ. ಕಾರದ ಕಥೆ ಹೇಳಿದೆ. ನಮ್ಮ ಮನೆಗಳಲ್ಲಿ ಅಪ್ಪಕಾರ ಎಂದರೆ ದೋಸೆ ಹಿಟ್ಟಿಗೆ ಹಾಕುವ ಸೋಡಾ. ಒಂದು ಕಾರ ಹೊಟ್ಟೆಗೆ, ಇನ್ನೊಂದು ಕಾರ ಹೊಟ್ಟೆ ಸುಡುವುದಕ್ಕೆ. ಎರಡೂ ಬಿಳಿಯ ಹುಡಿ.

ಇನ್ನು "ಮದ್ದು". ಕನ್ನಡದಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ಸಿಡಿಮದ್ದೂ ಹೌದು. ತಮಿಳಿನಲ್ಲಿ ಮರುಂದು ಮತ್ತು ವೆಡಿಮರುಂದು, ಮಲಯಾಳದಲ್ಲಿ ಮರುನ್ನು ಮತ್ತು ವೆಡಿಮರುನ್ನು. ನಮ್ಮ ಕಡೆ ತೋಟಕ್ಕೆ ಹೊಡೆಯುವುದಕ್ಕೂ ಮದ್ದು ಎನ್ನುತ್ತೇವೆ. ಎಂಡೋಸಲ್ಫಾನನ್ನೂ ನಾವು ಹಾಗೆಯೇ ಕರೆದವರು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಆ "ಮದ್ದು" ಎಣ್ಮಕಜೆಯಂತಹ ಊರುಗಳಿಗೆ ಏನು ಮಾಡಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ತಡೆಯಿತು. ಔಷಧಿಗೂ ವಿಷಕ್ಕೂ ಸ್ಫೋಟಕಕ್ಕೂ ಒಂದೇ ಹೆಸರಿಟ್ಟುಕೊಂಡ ನಾಡಿನಲ್ಲಿ ಮಗುವಿಗೆ ಇವುಗಳನ್ನು ಬಿಡಿಸಿ ಹೇಳುವ ಕೆಲಸ ಮೊದಲನೆಯ ತರಗತಿಯಲ್ಲಿಯೇ ಆಗಬೇಕಲ್ಲವೇ?

ಗೆಳೆಯರು ಇದೇ ಶಬ್ದದ ಮೇಲೆ ಒಂದು ಗಂಟೆ ಮಾತಾಡಿದರು. 2023ರ ಅಕ್ಟೋಬರ್ 7ರಂದು ಹೊಸೂರಿನ ಗಡಿಯಾಚೆ, ಕರ್ನಾಟಕದ ಅತ್ತಿಬೆಲೆಯಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದದ್ದು ಓದುಗರಿಗೆ ನೆನಪಿರಬಹುದು. ಹದಿನಾಲ್ಕಕ್ಕಿಂತ ಹೆಚ್ಚು ಜನ ಸತ್ತರು. ಬಹುಮಂದಿ ತಮಿಳುನಾಡಿನ ಬಡವರ ಮಕ್ಕಳು, ದೀಪಾವಳಿಯ ಮೊದಲು ನಾಲ್ಕು ಕಾಸು ಸಂಪಾದಿಸಲು ಬಂದವರು. ಧರ್ಮಪುರಿ ಜಿಲ್ಲೆಯ ಹುಡುಗರು ಅವರಲ್ಲಿದ್ದರು. ಅದೇ ವರ್ಷ ಜುಲೈಯಲ್ಲಿ ಕೃಷ್ಣಗಿರಿ ಪೇಟೆಯಲ್ಲಿಯೇ ಒಂದು ಪಟಾಕಿ ಗೋದಾಮು ಸಿಡಿದಿತ್ತು. "ಆ ವಯಸ್ಸಿನ ಹುಡುಗರಿಗೆ ನಾವು ಶಾಲೆಯಲ್ಲಿ ಪೊಟ್ಯಾಸಿಯಮ್ ನೈಟ್ರೇಟಿನ ಸೂತ್ರ ಬರೆಸಿದ್ದೇವೆ. ಬೆಂಕಿ ಬಿದ್ದ ಕೋಣೆಯಲ್ಲಿ ಮೊದಲು ಬಾಗಿಲು ಎಲ್ಲಿದೆ ನೋಡು ಎಂದು ಹೇಳಿಕೊಟ್ಟಿದ್ದೇವೆಯೇ?" ಎಂದರು ಅವರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ನೀಲೇಶ್ವರದಲ್ಲಿಯೂ 2024ರ ಅಕ್ಟೋಬರ್ 28ರ ರಾತ್ರಿ ಕಳಿಯಾಟದ ಸಿಡಿಮದ್ದಿಗೆ ಕಿಡಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡು, ಕೆಲವರು ಪ್ರಾಣವನ್ನೇ ಬಿಟ್ಟರಲ್ಲ.

ಅವರು ಮಕ್ಕಳಿಗೆ ಕಲಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಯಾವ ಶಾಲೆಯಲ್ಲಿಯಾದರೂ ಖರ್ಚಿಲ್ಲದೆ ಮಾಡಬಹುದಾದದ್ದು. ಐದನೆಯ ತರಗತಿಯಲ್ಲಿ ಇಡೀ ವರ್ಷ ಅವರು ಮಕ್ಕಳ ಕೈಗೆ ಕೊಡುವುದು ನೀರು ಮಾತ್ರ. ಬಣ್ಣದ ನೀರು. ಆದರೆ ಅದನ್ನು ಆಸಿಡ್ ಎಂದೇ ತಿಳಿದು ಹಿಡಿಯಬೇಕು. ಪ್ರನಾಳದ ಬಾಯಿ ತನ್ನ ಮುಖದ ಕಡೆಗಾಗಲಿ ಪಕ್ಕದವನ ಕಡೆಗಾಗಲಿ ತಿರುಗಿದರೆ ಆ ಮಗು ಆ ದಿನದ ಆಟದಿಂದ ಹೊರಗೆ. ವಾಸನೆ ನೋಡಬೇಕಾದರೆ ಸೀಸೆಗೆ ಮೂಗು ಹಾಕಬಾರದು, ದೂರ ಹಿಡಿದು ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಳ್ಳಬೇಕು. ಚೆಲ್ಲಿದರೆ ಚೆಲ್ಲಿತೆಂದು ಕೂಡಲೇ ಕೂಗಿ ಹೇಳಬೇಕು. ಹೇಳಿದವನಿಗೆ ಬೈಗಳಿಲ್ಲ, ಮುಚ್ಚಿಟ್ಟವನಿಗೆ ಉಂಟು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ನಮ್ಮ ಶಾಲೆಗಳಲ್ಲಿ ಒಡೆದ ಪ್ರನಾಳಕ್ಕೆ ಬೈಗಳು ತಿನ್ನುವ ಹೆದರಿಕೆಯಿಂದ ಗಾಜಿನ ಚೂರನ್ನು ಚಡ್ಡಿಯ ಕಿಸೆಯಲ್ಲಿ ಹಾಕಿಕೊಂಡ ಹುಡುಗರನ್ನು ನಾನು ಬಲ್ಲೆ.

ಇನ್ನೊಂದು ಅರಸಿನದ ಪಾಠ. ತರಗತಿ ಸುರುವಾಗುವಾಗ ಎಲ್ಲ ಮಕ್ಕಳ ಬೆರಳ ತುದಿಗೆ ಒಂದಿಷ್ಟು ಅರಸಿನ ಹುಡಿ ಹಚ್ಚುತ್ತಾರೆ. "ಇದು ವಿಷ ಎಂದು ತಿಳಿಯಿರಿ, ಮುಖ ಮುಟ್ಟಬೇಡಿ" ಎಂದು ಹೇಳಿ ಬೇರೆ ಯಾವುದೋ ಪಾಠ ಮಾಡುತ್ತಾರೆ. ಅರ್ಧ ಗಂಟೆ ಕಳೆದು ಕನ್ನಡಿ ಕೊಟ್ಟರೆ ಮೂಗಿನ ಮೇಲೆ, ತುಟಿಯಲ್ಲಿ, ಕಣ್ಣಿನ ಮೂಲೆಯಲ್ಲಿ ಎಲ್ಲ ಹಳದಿ. ಒಂದು ಸಲ ಮಾಸ್ಟರ ಕಿವಿಯಲ್ಲಿಯೂ ಇತ್ತಂತೆ. ಕೈ ತೊಳೆಯಬೇಕೆಂದು ನೂರು ಸಲ ಹೇಳುವುದಕ್ಕಿಂತ ಈ ಒಂದು ಕನ್ನಡಿ ಹೆಚ್ಚು ಹೇಳುತ್ತದೆ. ಆಮೇಲೆ ಸಾಬೂನು ಹಾಕಿ ತೊಳೆಯುವಾಗ ಅರಸಿನ ಕೆಂಪಾಗುತ್ತದೆ. ಆಗ ಸಾಬೂನು ಕ್ಷಾರ, ಅರಸಿನ ಸೂಚಕ ಎಂದು ಮುಂದಿನ ಪಾಠವೂ ಅಲ್ಲಿಯೇ ಹುಟ್ಟುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನದೊಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ಹೈಸ್ಕೂಲಿನ ಯು.ಪಿ. ವಿಭಾಗದಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತಿದ್ದೆ. ಏಳನೆಯ ತರಗತಿಗೆ ಆಸಿಡಿನ ಪಾಠ. ದೊಡ್ಡ ಸೀಸೆಯಿಂದ ಹೈಡ್ರೋಕ್ಲೋರಿಕ್ ಆಸಿಡನ್ನು ನೀರಿಗೆ ಹಾಕಿ ಒಂದು ಲಿಂಬೆ ಪಾನಕದ ಬಾಟಲಿಯಲ್ಲಿ ತುಂಬಿಸಿದೆ. ಬಾಟಲಿಗೆ ಚೀಟಿಯನ್ನೂ ಅಂಟಿಸಿದೆ. ಇಂಗ್ಲಿಷಿನಲ್ಲಿ, ಸಂಕ್ಷೇಪ ಅಕ್ಷರದಲ್ಲಿ, ಸೂತ್ರ. ಪಾಠದ ನಡುವೆ ಒಬ್ಬ ಹುಡುಗ ಸೀಮೆಸುಣ್ಣದ ಕೈ ತೊಳೆಯಲು ಅದನ್ನೇ ಕೈಗೆ ಸುರಿದುಕೊಂಡ. ಕೂಗಿಕೊಂಡು ನಳ್ಳಿಗೆ ಓಡಿದ. ನಳ್ಳಿಯಲ್ಲಿ ಆ ದಿನ ನೀರಿರಲಿಲ್ಲ. ನಾನು ಗಾಬರಿಯಲ್ಲಿ ಆಸಿಡಿಗೆ ಕ್ಷಾರ ಎಂಬ ಪುಸ್ತಕದ ಬುದ್ಧಿಯಿಂದ ಅಪ್ಪಕಾರವನ್ನು ಅವನ ಕೈಗೆ ತಿಕ್ಕಿದೆ. ಅದೂ ತಪ್ಪು. ಸುಟ್ಟ ಚರ್ಮಕ್ಕೆ ಬೇಕಾದ್ದು ಧಾರಾಳ ನೀರು, ಹರಿಯುವ ನೀರು, ಇಪ್ಪತ್ತು ನಿಮಿಷದ ತನಕ ನೀರು. ತಿಕ್ಕುವುದಲ್ಲ. ಪುಣ್ಯಕ್ಕೆ ಆಸಿಡಿನಲ್ಲಿ ನೀರು ಹೆಚ್ಚಿತ್ತು, ಕೆಲವು ವಾರ ಕೆಂಪಾಗಿದ್ದು ಗುಣವಾಯಿತು.

ಅವನ ತಂದೆ ಮರುದಿನ ಶಾಲೆಗೆ ಬಂದರು. ಜಗಳಕ್ಕೆ ಬಂದಾರೆಂದು ನಾನು ಸಿದ್ಧನಾಗಿಯೇ ಕುಳಿತಿದ್ದೆ. ಅವರು ಕೂಲಿ ಕೆಲಸದವರು, ಕೇಳಿದ್ದು ಒಂದೇ ಮಾತು: "ಬಾಟಲಿಯಲ್ಲಿ ಬರೆದಿರಲಿಲ್ಲವಾ ಮಾಸ್ಟ್ರೇ?" ಬರೆದದ್ದುಂಟು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಬರೆದದ್ದು ನನಗಾಗಿ. ಆ ಹುಡುಗನ ಮಟ್ಟಿಗೆ ಅದು ಬರಹವಲ್ಲ, ಗೀಟು. ಕನ್ನಡ ಮಾಧ್ಯಮದ ಶಾಲೆ, ಕನ್ನಡದ ಅಧ್ಯಾಪಕ, ಕನ್ನಡದ ಹಕ್ಕಿಗಾಗಿ ಮೆರವಣಿಗೆಯಲ್ಲಿ ನಡೆದವನು. ಆದರೆ ಮಗುವನ್ನು ಸುಡಬಲ್ಲ ಒಂದೇ ಒಂದು ವಸ್ತುವಿನ ಮೇಲೆ ಕನ್ನಡ ಬರೆಯಬೇಕೆಂದು ನನಗೆ ತೋಚಿರಲಿಲ್ಲ. ಅಂಗಡಿಯಿಂದ ಬರುವ ಸೀಸೆ ಇಂಗ್ಲಿಷು, ಶಿಕ್ಷಣ ಇಲಾಖೆಯಿಂದ ಬರುವ ಸೂಚನಾ ಹಲಗೆ ಮಲಯಾಳ, ನಮ್ಮ ಮಗು ಇವೆರಡರ ನಡುವೆ ಕೈ ಚಾಚುತ್ತದೆ. ಸೂಚನಾ ಹಲಗೆಯನ್ನು ಕನ್ನಡದಲ್ಲಿ ಕೇಳಿ ಪಡೆಯುವುದು ನಮ್ಮ ಹಕ್ಕು, ಕೇಳೋಣ. ಆದರೆ ಸೀಸೆಗೆ ಚೀಟಿ ಅಂಟಿಸಲು ಯಾವ ಸರಕಾರದ ಆಜ್ಞೆ ಬೇಕು? ಒಂದು ಹಾಳೆ, ಒಂದಿಷ್ಟು ಅಂಟು.

ಈ ಘಟನೆಯ ಬಳಿಕ ನಾನು ಮಾಡಿದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಮೂರು ವರ್ಷ ಪ್ರಯೋಗಶಾಲೆಗೆ ಬೀಗ ಹಾಕಿದೆ. ಪಾಠವನ್ನು ಹಲಗೆಯ ಮೇಲೆ ಬಿಡಿಸಿ ಮುಗಿಸಿದೆ. ಈಗಂತೂ ಪರದೆಯ ಮೇಲೆ ಚಿತ್ರ ಓಡಿಸಿದರೆ ಆಯಿತು, ಒಂದು ಹನಿ ಆಸಿಡ್ ಬೇಡ. ಹಲವು ಶಾಲೆಗಳಲ್ಲಿ ಹೀಗೆಯೇ ನಡೆಯುತ್ತಿದೆ ಎಂಬುದು ಅಧ್ಯಾಪಕ ಮಿತ್ರರಿಗೆ ಗೊತ್ತು. ಇದನ್ನು ನಾವು ಸುರಕ್ಷೆ ಎಂದು ಕರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಅಧ್ಯಾಪಕನ ಸುರಕ್ಷೆ, ಮಗುವಿನದ್ದಲ್ಲ. ಬೀಗ ಹಾಕಿದ್ದು ಶಾಲೆಯ ಕಪಾಟಿಗೆ. ಮಗುವಿನ ಮನೆಗೆ ಬೀಗ ಹಾಕಿದವರು ಯಾರು?

ನಮ್ಮ ಮನೆಗಳನ್ನೇ ನೋಡಿ. ಎಲೆಯಡಕೆಯ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇರುತ್ತದೆ. ಸಣ್ಣ ಮಕ್ಕಳು ಸುಣ್ಣದ ಪೊಟ್ಟಣ ಹಿಸುಕಿ ಅದು ಕಣ್ಣಿಗೆ ಸಿಡಿದು ದೃಷ್ಟಿ ಕಳಕೊಂಡ ಸಂಗತಿ ಕಣ್ಣಿನ ವೈದ್ಯರಿಗೆ ಹೊಸದಲ್ಲ. ಚಿಪ್ಪುಸುಣ್ಣಕ್ಕೆ ನೀರು ಹಾಕಿದಾಗ ಕುದಿಯುವುದನ್ನು ನೋಡದ ಮಗು ನಮ್ಮಲ್ಲಿಲ್ಲ, ಯಾಕೆ ಕುದಿಯುತ್ತದೆ ಎಂದು ಕೇಳಿಸಿಕೊಂಡ ಮಗುವೂ ವಿರಳ. ರಬ್ಬರ್ ಇರುವ ಮನೆಯಲ್ಲಿ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಸಿಡ್ ಉಂಟು. ಅನೇಕರು ಅದನ್ನು ಯಾವ ಬಾಟಲಿಯಲ್ಲಿ ಇಡುತ್ತಾರೆಂದು ಕೇಳಬೇಡಿ. ನಾನು ಇಟ್ಟಂತೆಯೇ, ಪಾನಕದ ಬಾಟಲಿಯಲ್ಲಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಒಂದು ಮೂಲೆಯಲ್ಲಿ, ಶೌಚಾಲಯ ತೊಳೆಯುವ ಆಸಿಡ್ ಇನ್ನೊಂದು ಮೂಲೆಯಲ್ಲಿ. ಎರಡನ್ನು ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. "ಎರಡೂ ಸೇರಿದರೆ ಇನ್ನಷ್ಟು ಬೆಳ್ಳಗಾದೀತು" ಎಂದು ಸೇರಿಸುವವರು ದಡ್ಡರಲ್ಲ, ಯಾರೂ ಹೇಳಿರದವರು.

ಅಡಕೆ ತೋಟದ ಮನೆಯವರಂತೂ ಹುಟ್ಟು ರಸಾಯನ ಶಾಸ್ತ್ರಜ್ಞರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಬೋರ್ಡೋ ದ್ರಾವಣ ಮಾಡುವಾಗ ಅಜ್ಜಂದಿರು ಒಂದು ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ಬಣ್ಣ ಹತ್ತಿದರೆ ತಾಮ್ರ ಹೆಚ್ಚಾಯಿತು, ಇನ್ನಷ್ಟು ಸುಣ್ಣ ಬೇಕು ಎಂದು ಲೆಕ್ಕ. ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪಠ್ಯದಲ್ಲಿದೆ? ಅದೇ ಅಜ್ಜ ಮೈಲುತುತ್ತು ಮುಟ್ಟಿದ ಕೈಯಲ್ಲಿ ಎಲೆ ಬಾಯಿಗೆ ಹಾಕುತ್ತಾರೆ. ಸೇಲಂನ ಹುಡುಗಿಗೂ ನಮ್ಮ ಹುಡುಗನಿಗೂ ವ್ಯತ್ಯಾಸವಿಲ್ಲ. ಇಬ್ಬರ ಮನೆಯಲ್ಲಿಯೂ ಪ್ರಯೋಗಶಾಲೆ ಇದೆ, ಇಬ್ಬರ ಪುಸ್ತಕದಲ್ಲಿಯೂ ಪಾಠ ಇದೆ, ನಡುವೆ ಸೇತುವೆ ಮಾತ್ರ ಇಲ್ಲ. ಆ ಸೇತುವೆ ಮನೆಮಾತಿನಿಂದಲೇ ಆಗಬೇಕು. ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದ ಹೆತ್ತವರೂ ಇದನ್ನು ಯೋಚಿಸಬೇಕು. ಮಗು ಶಾಲೆಯಲ್ಲಿ ಕಲಿತ ಎಚ್ಚರಿಕೆ ಅಡುಗೆಮನೆಯ ಅಜ್ಜಿಯ ಕಿವಿಗೆ ತಲುಪುವುದು ಯಾವ ಭಾಷೆಯಲ್ಲಿ?

ಹೆತ್ತವರ ಸಂಘದ ಸಭೆ ಜೂನಿನಲ್ಲಿಯೋ ಜುಲೈಯಲ್ಲಿಯೋ ಸೇರುತ್ತದೆ. ಬಸ್ಸು, ಊಟ, ಸಮವಸ್ತ್ರದ ಬಣ್ಣ ಎಲ್ಲ ಚರ್ಚೆಯಾಗುತ್ತದೆ. ಈ ಸಲ ಎದ್ದು ನಿಂತು ಎರಡು ಪ್ರಶ್ನೆ ಕೇಳಿ ಎಂದು ನನ್ನ ವಿನಂತಿ. ವಿಜ್ಞಾನ ಕೋಣೆಯ ನಳ್ಳಿಯಲ್ಲಿ ನೀರು ಬರುತ್ತದೆಯೇ? ಆ ಕೋಣೆಗೆ ಎರಡನೆಯ ಬಾಗಿಲು ಇದೆಯೇ, ಇದ್ದರೆ ಅದರ ಎದುರು ಮುರಿದ ಬೆಂಚು ರಾಶಿ ಹಾಕಿಲ್ಲವಷ್ಟೆ? 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಹೊರಗೆ ಬರಲು ದಾರಿ ಸಾಲದಾಯಿತು. ಅಧ್ಯಾಪಕರು ಈ ಪ್ರಶ್ನೆಯನ್ನು ಅಪಮಾನವೆಂದು ತಿಳಿಯಬಾರದು. ನನ್ನನ್ನು ಯಾರಾದರೂ ಹನ್ನೆರಡು ವರ್ಷದ ಹಿಂದೆ ಕೇಳುತ್ತಿದ್ದರೆ ಒಬ್ಬ ಹುಡುಗನ ಕೈ ಉಳಿಯುತ್ತಿತ್ತು.

ಅಧ್ಯಾಪಕ ಮಿತ್ರರಿಗೆ ನಾನು ಉಪದೇಶ ಮಾಡುವಷ್ಟು ದೊಡ್ಡವನಲ್ಲ. ಆದರೆ ಸ್ಪಿರಿಟ್ ದೀಪದ ವಿಷಯ ಒಂದು ಹೇಳುತ್ತೇನೆ. ಹಗಲು ಬೆಳಕಿನಲ್ಲಿ ಅದರ ಉರಿ ಸರಿಯಾಗಿ ಕಾಣುವುದಿಲ್ಲ. ನಂದಿದೆ ಎಂದು ತಿಳಿದು ಸ್ಪಿರಿಟ್ ಹೊಯ್ಯಲು ಹೋದರೆ ಕೈಯಲ್ಲಿದ್ದ ಸೀಸೆಯೇ ಹೊತ್ತಿಕೊಳ್ಳುತ್ತದೆ. ಒಂದು ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸುವುದು ನಮ್ಮ ಸಂಸ್ಕೃತಿಯಲ್ಲಿ ಮಂಗಳವಾದರೂ ಪ್ರಯೋಗಶಾಲೆಯಲ್ಲಿ ಅಲ್ಲ. ಊದಿ ನಂದಿಸಬಾರದು, ಮುಚ್ಚಳ ಮುಚ್ಚಿ ನಂದಿಸಬೇಕು. ಹಾಗೆಯೇ ಹಳೆಯ ಕಪಾಟುಗಳಲ್ಲಿ ಪಾದರಸದ ಥರ್ಮಾಮೀಟರುಗಳು ಇನ್ನೂ ಇರಬಹುದು. ಒಡೆದಾಗ ಆ ಬೆಳ್ಳಿಯ ಹನಿಗಳನ್ನು ಅಂಗೈಯಲ್ಲಿ ಉರುಳಿಸಿ ಆಡಿದ ಸುಖ ನನಗೂ ನೆನಪುಂಟು. ಅದರ ಆವಿ ಕಣ್ಣಿಗೆ ಕಾಣದೆ ನರಗಳಿಗೆ ತಗಲುತ್ತದೆಂದು ಅಂದು ನಮ್ಮ ಮಾಸ್ಟ್ರಿಗೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ.

ಊರಿಗೆ ಬಂದ ಮೇಲೆ ನಾನೂ ಕಪಾಟು ಖಾಲಿ ಮಾಡಿಸಿ, ರಜೆಯಲ್ಲಿ ಹತ್ತಿರದ ಕೆಲವು ಮಕ್ಕಳನ್ನು ಕರೆಸಿ ಚೀಟಿ ಬರೆಸಿದೆ. ಮೊದಲು ಕನ್ನಡ, ಕೆಳಗೆ ಮಲಯಾಳ, ಕೊನೆಗೆ ಇಂಗ್ಲಿಷ್. ಮಲಯಾಳವೂ ಇರಲಿ ಎಂದು ಹೇಳಿದವರು ಮಕ್ಕಳೇ. ಅವರ ಆಟದ ಗೆಳೆಯರು ಆ ಭಾಷೆಯವರು. "ಸಾರೀಕೃತ" ಬರೆಯಬೇಕೋ ಎಂದು ಕೇಳಿದರು. ನಿಮಗೆ ತಿಳಿಯುವ ಹಾಗೆ ಬರೆಯಿರಿ ಎಂದೆ. ಒಬ್ಬಳು ಬರೆದಳು: "ಇದು ನೀರಿನ ಹಾಗೆ ಕಾಣುತ್ತದೆ, ನೀರಲ್ಲ." ಸಾಯಂಕಾಲ ಬೀಗ ಹಾಕುವ ಮೊದಲು ನೋಡಿದರೆ ಬಾಗಿಲ ಹತ್ತಿರ ನಾನು ಇಡಿಸಿದ್ದ ಬಕೆಟಿಗೂ ಯಾರೋ ಒಂದು ಚೀಟಿ ಅಂಟಿಸಿದ್ದರು. ನಾನು ಹೇಳಿರಲಿಲ್ಲ. ಅದರಲ್ಲಿ ದೊಡ್ಡ ಅಕ್ಷರದಲ್ಲಿ, "ನೀರು. ಮೊದಲು ಇಲ್ಲಿಗೆ ಓಡಿ" ಎಂದಿತ್ತು.